ಮಂಕರಿಯಿಂದ ಎದ್ದ ಹುಂಜ

ಒಂದು ಮನೆಯ ಹಿತ್ತಲಿನ ಕೋಳಿಗಳಿಗೆ ಹೊಸ ರೋಗವೊಂದು ಬಂತು. ರೋಗ ತಗುಲಿದವನ್ನು ಮನೆಯವರು ದೂರದ ಮೂಲೆಯಲ್ಲಿಟ್ಟು ಮೇಲೆ ಬಿದಿರಿನ ಮಂಕರಿ ಕವುಚುತ್ತಿದ್ದರು. ಹೆಚ್ಚಿನವು ಅಲ್ಲೇ ಸತ್ತವು. ಒಂದು ಹುಂಜ ಮಾತ್ರ ಹದಿನೈದು ದಿನ ನರಳಿ ಎದ್ದು ಬಂತು.

ಅಂದಿನಿಂದ ಹುಂಜಕ್ಕೆ ಭಯ ಹೋಯಿತು. ಮಂಕರಿಯ ಸಂದಿಯಲ್ಲಿ ಕತ್ತು ತೂರಿಸಿ, ರೋಗದ ಕೋಳಿಗಳು ತಿನ್ನದೆ ಬಿಟ್ಟ ಜೋಳವನ್ನು ಹೆಕ್ಕುತ್ತಿತ್ತು. ಸಂಜೆಗೆ ಗೂಡಿಗೆ ಬಂದು ಮರಿಗಳ ಪಕ್ಕದಲ್ಲೇ ಕೂರುತ್ತಿತ್ತು.

ಹನ್ನೊಂದು ಮರಿಗಳ ತಾಯಿ ಕೋಳಿ ಹೇಳಿತು: "ಅಲ್ಲಿ ತಿಂದು ಇಲ್ಲಿ ಬಂದು ಕೂರಬೇಡಪ್ಪ."

"ನನಗೆ ಬಂದು ಹೋಗಿದೆ, ಅಕ್ಕ. ಇನ್ನು ಈ ಜನ್ಮದಲ್ಲಿ ಬರುವುದಿಲ್ಲ."

"ಈ ರೋಗ ಹುಟ್ಟಿ ಎಷ್ಟು ದಿನವಾಯಿತು?"

"ನಾಲ್ಕು ತಿಂಗಳು."

"ಹಾಗಾದರೆ ನಾಲ್ಕು ತಿಂಗಳಿಗೆ ಮಾತ್ರ ನೀನು ಸಾಕ್ಷಿ. ಜನ್ಮದ ಮಾತು ಯಾಕೆ?"

"ನಿನಗೆ ಹೊಟ್ಟೆಕಿಚ್ಚು," ಎಂದು ಹುಂಜ ಅಲ್ಲೇ ರೆಕ್ಕೆ ಮಡಿಸಿ ಕೂತಿತು. ಮರಿಗಳನ್ನು ಕರೆದುಕೊಂಡು ಹೋಗಲು ತಾಯಿ ಕೋಳಿಗೆ ಬೇರೆ ಗೂಡಿರಲಿಲ್ಲ.

ಮುಂದಿನ ತಿಂಗಳು ಹುಂಜದ ಕತ್ತು ಮತ್ತೆ ಜೋತುಬಿತ್ತು. ಮನೆಯವರು ಅದರ ಮೇಲೆ ಮಂಕರಿ ಕವುಚಿದರು. ಮೂರೇ ದಿನಕ್ಕೆ ಎದ್ದು, ಎದೆಯುಬ್ಬಿಸಿಕೊಂಡು ಗೂಡಿಗೆ ಬಂತು.

"ನೋಡಿದೆಯಾ ಅಕ್ಕ? ಹೋದ ಸಲ ಹದಿನೈದು ದಿನ, ಈ ಸಲ ಮೂರೇ ದಿನ. ಮೈಗೆ ಅಷ್ಟು ಬಲ ಬಂದಿದೆ."

"ನಿನ್ನ ಮೈಗೆ ಬಂದಿದೆ," ಎಂದಿತು ತಾಯಿ ಕೋಳಿ.

ಅದರ ರೆಕ್ಕೆಯ ಕೆಳಗೆ ಹನ್ನೊಂದರಲ್ಲಿ ನಾಲ್ಕು ಮರಿಗಳು ಉಳಿದಿದ್ದವು. ಹುಂಜ ಕೂರಲು ಜಾಗ ನೋಡಿತು. ಈ ಸಲ ಗೂಡಿನಲ್ಲಿ ಬೇಕಾದಷ್ಟು ಜಾಗವಿತ್ತು.