ಹನ್ನೊಂದನೆಯವಳು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂಟಿ ಗಂಡು ಗೀಜಗವೊಂದು ಗೂಡು ನೇಯ್ದು ಸಂಗಾತಿಗಾಗಿ ಕಾಯುತ್ತಿತ್ತು. ಹತ್ತು ಹೆಣ್ಣು ಹಕ್ಕಿಗಳು ಒಂದೊಂದಾಗಿ ಬಂದು, ಗೂಡು ನೋಡಿ, ಹಾರಿಹೋದವು.

"ಇಂಥ ಗೂಡು ಹತ್ತರಲ್ಲಿ ಒಬ್ಬಳಿಗೆ ಹಿಡಿಸುತ್ತದೆ ಎಂದಿದ್ದೆಯಲ್ಲ," ಎಂದು ಗೀಜಗ ಮರಕ್ಕೆ ಹೇಳಿತು. "ಹತ್ತೂ ಜನ ಹೋದರು. ಇನ್ನು ಬರುವವಳು ಒಪ್ಪಲೇಬೇಕು."

"ಬರುವವಳಿಗೆ ಹೋದವರ ಸುದ್ದಿ ಗೊತ್ತಿಲ್ಲ," ಎಂದಿತು ಮರ. "ಮೊದಲು ಬಂದವಳು ಒಪ್ಪುವ ಸಾಧ್ಯತೆ ಎಷ್ಟಿತ್ತೋ, ಇವಳದ್ದೂ ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

"ಹಾಗಾದರೆ ನಾನು ಇಷ್ಟು ದಿನ ಕಾದದ್ದು?"

"ಅದು ನಿನಗೊಬ್ಬನಿಗೇ ಗೊತ್ತು."

ಆಮೇಲೆ ಇನ್ನೊಂದು ಹೆಣ್ಣು ಬಂತು. ಇದುವರೆಗೆ ಯಾರೂ ಬಂದೇ ಇಲ್ಲವೆಂಬಂತೆ ಗೀಜಗ ರೆಕ್ಕೆ ಬಡಿದು ಹಾಡಿತು. ಹೆಣ್ಣು ಗೂಡಿನೊಳಗೆ ಇಣುಕಿತು, ಒಂದು ಎಳೆ ಜಗ್ಗಿ ನೋಡಿತು, ಹಾರಿಹೋಯಿತು. ಗೀಜಗ ಆ ಎಳೆಯನ್ನು ಒಳಗೆ ಸೇರಿಸಿ, ಬರಿಯ ಆಕಾಶಕ್ಕೆ ಮೊದಲಿನಿಂದ ಹಾಡತೊಡಗಿತು.