ಕಮ್ಮಾರನ ತೋಳು

"ಬುದ್ಧೀ, ದಣಿದ ಸಮರ್ಥನನ್ನು ನಂಬಬೇಕೋ, ದಣಿಯದ ಸಾಮಾನ್ಯನನ್ನು ನಂಬಬೇಕೋ?"

ಸಂಜೆಯ ಪೂಜೆ ಮುಗಿದ ಮೇಲೆ ಮಠದ ಜಗಲಿಯಲ್ಲಿ ಗುರುಸಿದ್ಧ ಗುರುಗಳನ್ನು ಈ ಪ್ರಶ್ನೆ ಕೇಳಿದ. ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುವ ಹೊಣೆ ಅವನದು. ನಿಲಯದ ಮಕ್ಕಳಿಗೆ ಗಣಿತವನ್ನೂ ವಿಜ್ಞಾನವನ್ನೂ ವರ್ಷವಿಡೀ ಹೇಳಿಕೊಟ್ಟವರು ಪರ್ವತಯ್ಯ ಮೇಷ್ಟ್ರು. ಪರೀಕ್ಷೆ ಹತ್ತಿರವಾದಾಗ ಅವರು ಜ್ವರ ಹಿಡಿದು ಮನೆಯಲ್ಲಿ ಮಲಗಿದರು. ಕರೆದರೆ ಬರುತ್ತೇನೆ ಎಂದು ಹೇಳಿ ಕಳುಹಿಸಿದ್ದರು. ಹೊಸದಾಗಿ ಸೇರಿದ ಇಬ್ಬರು ಮೇಷ್ಟ್ರುಗಳೂ ನಿಲಯದಲ್ಲಿದ್ದರು. ಆದರೆ ಅವರ ಕೈಗೆ ಮಕ್ಕಳನ್ನು ಒಪ್ಪಿಸಲು ಗುರುಸಿದ್ಧನಿಗೆ ಧೈರ್ಯ ಸಾಲಲಿಲ್ಲ. ಪರ್ವತಯ್ಯನವರನ್ನು ಕರೆಯಲೋ ಬೇಡವೋ ಎಂಬ ಯೋಚನೆಯಲ್ಲೇ ಅವನಿಗೆ ದಿನಗಳು ಉರುಳಿದ್ದವು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕ್ರಿಕೆಟ್ ತಂಡವಿತ್ತು. ಅದರ ನಾಯಕ ಒಬ್ಬ ಬಟ್ಟೆ ವ್ಯಾಪಾರಿ. ಸುತ್ತಲಿನ ಊರುಗಳ ತಂಡಗಳೆಲ್ಲ ಸೇರಿ ದೀಪಾವಳಿಯಿಂದ ಯುಗಾದಿಯವರೆಗೆ ಭಾನುವಾರಕ್ಕೊಂದು ಪಂದ್ಯ ಆಡುತ್ತಿದ್ದವು. ಹೆಚ್ಚು ಪಂದ್ಯ ಗೆದ್ದ ಊರಿಗೆ ಕಪ್. ಆ ಕಪ್ ಈ ಊರಿಗೆ ಒಮ್ಮೆಯೂ ಬಂದಿರಲಿಲ್ಲ.

ಆ ವರ್ಷ ಬರುವಂತೆ ಕಂಡಿತು. ಅದಕ್ಕೆ ಕಾರಣ ಇಬ್ಬರು ಬೌಲರ್‌ಗಳು. ಒಬ್ಬ ಕಮ್ಮಾರ, ಇನ್ನೊಬ್ಬ ಅಂಚೆಯವ. ಒಬ್ಬನು ಇಷ್ಟೇ ಓವರ್ ಎಸೆಯಬೇಕೆಂಬ ಕಟ್ಟುಪಾಡು ಆ ಪಂದ್ಯಗಳಲ್ಲಿ ಇರಲಿಲ್ಲ. ಹೊಸ ಚೆಂಡನ್ನು ನಾಯಕ ಕಮ್ಮಾರನ ಕೈಗೆ ಕೊಡುತ್ತಿದ್ದ. ಇನ್ನೊಂದು ತುದಿಯಿಂದ ಅಂಚೆಯವ ಎಸೆಯುತ್ತಿದ್ದ. ಎದುರಾಳಿಗಳು ಎಲ್ಲರೂ ಔಟಾಗುವವರೆಗೆ ಇವರಿಬ್ಬರೇ. ಕಮ್ಮಾರನ ವೇಗಕ್ಕೆ ಬ್ಯಾಟು ಎತ್ತುವುದರೊಳಗೆ ಸ್ಟಂಪು ಉರುಳಿರುತ್ತಿತ್ತು. ಉಳಿದ ಬೌಲರ್‌ಗಳಿಗೆ ಚೆಂಡು ಸಿಗುತ್ತಿದ್ದುದು ಪಂದ್ಯ ಗೆದ್ದಾಯಿತು ಎಂದಾದ ಮೇಲೆ, ಅದೂ ಅಪರೂಪಕ್ಕೆ. ಅವರಲ್ಲಿ ಒಬ್ಬ ಕುಂಬಾರ, ನಿಧಾನವಾಗಿ ಚೆಂಡು ತಿರುಗಿಸುತ್ತಿದ್ದ. ಒಬ್ಬ ಬೇಕರಿಯವ, ವೇಗವೂ ಅಲ್ಲದ ನಿಧಾನವೂ ಅಲ್ಲದ ಚೆಂಡು ಎಸೆಯುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ತಂಡ ಎಲ್ಲರಿಗಿಂತ ಮುಂದಿತ್ತು. ನಾಯಕನ ಅಂಗಡಿಗೆ ಬಂದವರು ಸೀರೆಯ ಮಾತಿಗಿಂತ ಮೊದಲು ಪಂದ್ಯದ ಮಾತು ಎತ್ತುತ್ತಿದ್ದರು. ಅವನಿಗೂ ಅದು ಹಿತವಾಗಿತ್ತು. ಬೀದಿಯಲ್ಲಿ ನಡೆಯುವಾಗ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು.

ಶಿವರಾತ್ರಿ ಕಳೆದ ಮೇಲೆ ಅಂಚೆಯವ ಸೈಕಲ್ಲಿನಿಂದ ಬಿದ್ದು ಕಣಕಾಲು ಮುರಿದುಕೊಂಡ. ಇನ್ನು ಆ ವರ್ಷ ಅವನ ಆಟ ಮುಗಿಯಿತು. ನಾಯಕ ಅವನ ತುದಿಗೆ ಒಮ್ಮೆ ಕುಂಬಾರನನ್ನು, ಒಮ್ಮೆ ಬೇಕರಿಯವನನ್ನು ಹಾಕಿದ. ಇಬ್ಬರೂ ಹೆದರುತ್ತಾ ಎಸೆದರು. ಒಂದು ಬೌಂಡರಿ ಹೋದರೆ ಸಾಕು, ನಾಯಕನ ಮುಖ ನೋಡುತ್ತಿದ್ದರು. ನಾಯಕ ಕಮ್ಮಾರನ ಮುಖ ನೋಡುತ್ತಿದ್ದ. ಎರಡು ತೋಳಿನ ಕೆಲಸ ಒಂದು ತೋಳಿನ ಮೇಲೆ ಬಿತ್ತು.

ಆ ತೋಳು ನೋಯತೊಡಗಿತು.

ಕಮ್ಮಾರ ಅದನ್ನು ಯಾರಿಗೂ ಹೇಳಲಿಲ್ಲ. ಪ್ರತಿ ಪಂದ್ಯಕ್ಕೂ ಮೊದಲು ನಾಯಕ ಎಸೆಯುತ್ತೀಯಾ ಎಂದು ಕೇಳುತ್ತಿದ್ದ, ಅವನು ಎಸೆಯುತ್ತೇನೆ ಎನ್ನುತ್ತಿದ್ದ. ಇಡೀ ಊರು ನಂಬಿದವನ ಬಾಯಲ್ಲಿ ಬೇರೆ ಉತ್ತರ ಬರುವುದು ಕಷ್ಟ. ನಾಯಕನಿಗೂ ಆ ಒಂದೇ ಉತ್ತರ ಬೇಕಾಗಿತ್ತು. ಒಂದು ಭಾನುವಾರ ಆಟ ಮುಗಿದ ಮೇಲೆ ಕಮ್ಮಾರ ಬಲಗೈಯನ್ನು ಇಳಿಬಿಟ್ಟು, ಎಡಗೈ ಒಂದರಿಂದಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನಾಯಕ ಅದನ್ನು ಕಂಡ. ಕಂಡವನು ತಿರುಗಿ ಬೇರೆ ಯಾರೊಡನೆಯೋ ಮಾತಿಗೆ ನಿಂತ. ಕಂಡೆನೆಂದು ಒಪ್ಪಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ.

ತಂಡ ಒಂದು ಪಂದ್ಯ ಸೋತಿತು. ಮುಂದಿನ ಭಾನುವಾರ ಇನ್ನೊಂದನ್ನೂ ಸೋತಿತು. ಕಮ್ಮಾರನ ಚೆಂಡಿನಲ್ಲಿ ಹಿಂದಿನ ಉರಿ ಇರಲಿಲ್ಲ. ಹಿಂದೆ ಅವನ ಹೆಸರು ಕೇಳಿದರೆ ನಡುಗುತ್ತಿದ್ದವರು ಈಗ ಮುಂದೆ ಹೆಜ್ಜೆಯಿಟ್ಟು ಹೊಡೆದರು. ಹೊಳೆಯಾಚೆಯ ಊರಿನ ತಂಡ ಸದ್ದಿಲ್ಲದೆ ಗೆಲ್ಲುತ್ತಾ ಬಂದು ಇವರ ಸಮಕ್ಕೆ ನಿಂತಿತು. ಉಳಿದದ್ದು ಒಂದೇ ಪಂದ್ಯ, ಅದು ಆ ತಂಡದೊಂದಿಗೇ. ಗೆದ್ದವರಿಗೆ ಕಪ್.

ಆ ವಾರ ನಾಯಕನಿಗೆ ಅನ್ನ ಸೇರಲಿಲ್ಲ. ಬಟ್ಟೆ ಅಳೆಯುವಾಗ ಅಳತೆ ತಪ್ಪುತ್ತಿತ್ತು. ಹೊಸ ಚೆಂಡು ಯಾರಿಗೆ ಕೊಡುವುದು? ಕಮ್ಮಾರನನ್ನು ಬಿಟ್ಟರೆ ಕೊಡಬಹುದಾದವರು ಯಾರೂ ಕಾಣಲಿಲ್ಲ. ಕಮ್ಮಾರನಿಗೇ ಕೊಡುವುದೆಂದರೆ ಹಿಂದಿನ ಎರಡು ಸೋಲು ಕಣ್ಣಮುಂದೆ ಬರುತ್ತಿದ್ದವು. ಕೊನೆಗೆ ಶನಿವಾರ ಮಧ್ಯಾಹ್ನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕಮ್ಮಾರನ ಕುಲುಮೆಗೆ ಹೊರಟ. ಒಂದು ದಿನ ಹೇಗಾದರೂ ತಡೆದುಕೋ ಎಂದು ಕೇಳಿಕೊಳ್ಳಬೇಕೆಂಬುದೇ ಅವನ ಮನಸ್ಸಿನಲ್ಲಿದ್ದದ್ದು.

ಕುಲುಮೆಯ ಬಾಗಿಲಲ್ಲಿ ಅವನು ನಿಂತುಬಿಟ್ಟ. ಅಡೆಗಲ್ಲಿನ ಮೇಲೆ ಕಾದ ನೇಗಿಲ ಕುಳವಿತ್ತು. ಅದನ್ನು ಇಕ್ಕಳದಲ್ಲಿ ಹಿಡಿದು ಕೂತವನು ಕಮ್ಮಾರ, ಅದೂ ಎಡಗೈಯಲ್ಲಿ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಸಮ್ಮಟಿಗೆ ಎತ್ತಿ ಬಡಿಯುತ್ತಿದ್ದವಳು ಅವನ ಹೆಂಡತಿ. ನಾಲ್ಕು ಏಟು ಬಡಿದು ಅವಳು ತಿದಿಯ ಕಡೆಗೆ ಹೋಗಿ ಗಾಳಿ ಊದುತ್ತಿದ್ದಳು. ಮತ್ತೆ ಬಂದು ಸಮ್ಮಟಿಗೆ ಹಿಡಿಯುತ್ತಿದ್ದಳು. ಇಬ್ಬರ ಕೆಲಸ ಅವಳೊಬ್ಬಳ ಮೈಮೇಲಿತ್ತು.

ನಾಯಕನನ್ನು ಕಂಡು ಅವಳು ಸಮ್ಮಟಿಗೆ ಕೆಳಗಿಟ್ಟಳು. ಬೆವರು ಒರೆಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಅಣ್ಣಾ, ನಿಮ್ಮ ಆಟ ನಾಳೆಗೆ ಮುಗಿಯುತ್ತದೆ. ಇವರ ಕೈಯೂ ನಾಳೆಗೇ ಮುಗಿದರೆ ನಾವೇನು ಮಾಡೋಣ?"

ಕಮ್ಮಾರ ಅವಳನ್ನು ಗದರಿ ಒಳಗೆ ಕಳುಹಿಸಿದ. ನಾಯಕನಿಗೆ ಕೂರಲು ಮಣೆ ಕೊಟ್ಟ. ಇದೇನೂ ಅಲ್ಲ, ಎಣ್ಣೆ ಹಚ್ಚಿ ಕಾಯಿಸಿದರೆ ಬೆಳಿಗ್ಗೆಗೆ ಸರಿಹೋಗುತ್ತದೆ ಎಂದ. ಅವನ ಮಾತು ನಾಯಕನ ಕಿವಿಗೆ ಬೀಳಲಿಲ್ಲ. ತಾನು ಅಷ್ಟು ದಿನ ಲೆಕ್ಕ ಹಾಕುತ್ತಿದ್ದುದು ಕಮ್ಮಾರನ ತೋಳಿನಲ್ಲಿ ಇನ್ನೆಷ್ಟು ಓವರ್ ಉಳಿದಿದೆ ಎಂದು. ಆ ತೋಳಿಗೆ ಒಂದು ಮನೆ ಅಂಟಿಕೊಂಡಿದೆ ಎಂಬುದು ಅವನಿಗೆ ಅಂದು ಕಂಡಿತು.

"ನಾಳೆ ನೀನು ಎಸೆಯುವುದು ಬೇಡ," ಎಂದ.

"ಆಗುವುದಿಲ್ಲ ಎಂದು ನಾನು ಹೇಳಿದೆನೇ, ಅಣ್ಣ?"

"ನೀನು ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ."

ಕಮ್ಮಾರನ ಮುಖ ಕಪ್ಪಿಟ್ಟಿತು. ಹಾಗಾದರೆ ಚೆಂಡು ಯಾರಿಗೆ ಎಂದು ಕೇಳಿದ. ನಾಯಕ ನಿಜ ಹೇಳಿದ, ಗೊತ್ತಿಲ್ಲ ಎಂದ. ಕಮ್ಮಾರ ಇಕ್ಕಳ ಎತ್ತಿಕೊಂಡು, ತಣ್ಣಗಾದ ಕುಳವನ್ನು ಬೆಂಕಿಗೆ ನೂಕಿದ.

ಭಾನುವಾರ ಬೆಳಿಗ್ಗೆ ಮೈದಾನದ ತುಂಬ ಜನ. ಕಮ್ಮಾರ ಬಂದಿರಲಿಲ್ಲ. ನಾಯಕ ಆಟಗಾರರನ್ನು ಸುತ್ತ ಕೂರಿಸಿಕೊಂಡು, ಈ ದಿನ ಕಮ್ಮಾರ ಎಸೆಯುವುದಿಲ್ಲ ಎಂದು ತಿಳಿಸಿದ. ಎಲ್ಲರೂ ನೆಲ ನೋಡಿದರು. ಬೇರೆ ದಿನವಾಗಿದ್ದರೆ ನಾಯಕ ಹುರುಪು ತುಂಬುವ ನಾಲ್ಕು ಮಾತು ಆಡುತ್ತಿದ್ದ. ಆ ದಿನ ಅವನ ಬಾಯಿಗೆ ಅಂಥ ಮಾತು ಬರಲಿಲ್ಲ. ತನಗೂ ಹೆದರಿಕೆಯಾಗಿದೆ, ಹೊಸ ಚೆಂಡು ಹಿಡಿಯುವವರು ಯಾರಾದರೂ ಇದ್ದರೆ ಹೇಳಿ ಎಂದ. ನಾಯಕನಿಗೂ ಹೆದರಿಕೆ ಇದೆ ಎಂದು ಕೇಳಿದ ಮೇಲೆ ಅವರ ಹೆದರಿಕೆ ಸ್ವಲ್ಪ ಹಗುರಾಯಿತು. ಕುಂಬಾರ ಕೈ ಚಾಚಿದ.

ಆಟ ಶುರುವಾಗುವುದಕ್ಕೆ ಮೊದಲು ಕಮ್ಮಾರ ಬಂದ. ಯಾರನ್ನೂ ಮಾತಾಡಿಸದೆ ಹೋಗಿ ಬೌಲರ್‌ನ ಬಲಗಡೆ, ಸ್ವಲ್ಪ ದೂರದಲ್ಲಿ ಫೀಲ್ಡಿಂಗಿಗೆ ನಿಂತ.

ಕುಂಬಾರನ ಮೊದಲ ಚೆಂಡು ಬೌಂಡರಿಗೆ ಹೋಯಿತು. ಎರಡನೆಯದೂ ಹೋಯಿತು. ಹೊಳೆಯಾಚೆಯವರು ಚಪ್ಪಾಳೆ ತಟ್ಟಿದರು. ನಾಯಕನ ಕೈ ತಾನಾಗಿಯೇ ಕಮ್ಮಾರನ ಕಡೆಗೆ ಏಳಲು ಹೊರಟಿತು. ಒಮ್ಮೆ ಕರೆದರೆ ಅವನು ಬಂದೇ ಬರುತ್ತಾನೆ, ಎಂಥ ನೋವಿದ್ದರೂ ಎಸೆಯುತ್ತಾನೆ. ನಾಯಕ ಕೈಯನ್ನು ಜೇಬಿಗೆ ತುರುಕಿದ. ಅವನು ಆ ವರ್ಷ ಮಾಡಿದ ಕೆಲಸಗಳಲ್ಲಿ ಅದರಷ್ಟು ಕಷ್ಟದ್ದು ಬೇರೊಂದಿರಲಿಲ್ಲ.

ಅಷ್ಟರಲ್ಲಿ ಬೌಂಡರಿಯಿಂದ ಬಂದ ಚೆಂಡು ಕಮ್ಮಾರನ ಕೈಸೇರಿತು. ಅವನು ಅದನ್ನು ಹಿಡಿದುಕೊಂಡು ಕುಂಬಾರನ ಬಳಿಗೆ ನಡೆದ. ಚೆಂಡನ್ನು ಅವನೇ ಇಟ್ಟುಕೊಳ್ಳುತ್ತಾನೆಂದು ಎಲ್ಲರೂ ಎಣಿಸಿದರು. ಕಮ್ಮಾರ ಚೆಂಡನ್ನು ತನ್ನ ಅಂಗಿಗೆ ಉಜ್ಜಿ ಒರೆಸಿದ. ಕುಂಬಾರನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಮುಚ್ಚಿದ.

"ನನ್ನ ಹಾಗೆ ಎಸೆಯಲು ಹೋಗಬೇಡ. ನಿನ್ನ ಹಾಗೆ ಎಸೆ. ಇನ್ನೂ ಮೇಲಕ್ಕೆ, ಇನ್ನೂ ನಿಧಾನ."

ಕುಂಬಾರ ಹಾಗೆಯೇ ಎಸೆದ. ಹೊಳೆಯಾಚೆಯವರು ವಾರವೆಲ್ಲ ಕಮ್ಮಾರನ ವೇಗಕ್ಕೆಂದು ಅಭ್ಯಾಸ ಮಾಡಿದ್ದರು. ಬ್ಯಾಟುಗಾರ ಬೇಗ ಬೀಸಿದ. ಚೆಂಡು ಆಕಾಶಕ್ಕೆ ಹಾರಿ, ಬೇಕರಿಯವನ ಕೈಗೆ ಬಿತ್ತು.

ಆಮೇಲೆ ಆಟ ಸಲೀಸಾಗಿ ಸಾಗಿತು ಎಂದೇನೂ ಅಲ್ಲ. ಕುಂಬಾರ ಸುಸ್ತಾಗುವ ಮೊದಲೇ ನಾಯಕ ಅವನಿಂದ ಚೆಂಡು ತೆಗೆದುಕೊಂಡು ಬೇಕರಿಯವನಿಗೆ ಕೊಟ್ಟ. ಬೇಕರಿಯವನು ಸುಸ್ತಾಗುವ ಮೊದಲೇ ಮತ್ತೊಬ್ಬನಿಗೆ. ನಡುವೆ ತಾನೇ ಒಂದೆರಡು ಓವರ್ ಎಸೆದು ಚೆನ್ನಾಗಿ ಹೊಡೆಸಿಕೊಂಡ. ಯಾರ ಕೈಯಲ್ಲಿ ಚೆಂಡಿದ್ದರೂ ಕಮ್ಮಾರ ಅವರ ಪಕ್ಕಕ್ಕೆ ಬರುತ್ತಿದ್ದ. ಈ ಬ್ಯಾಟುಗಾರನ ಕಾಲು ನಿಧಾನ, ಆ ಬ್ಯಾಟುಗಾರನಿಗೆ ಅವಸರ ಹೆಚ್ಚು ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದ. ಹೊತ್ತು ಏರಿದಂತೆ ಅವನ ಮುಖದ ಬಿಗುವು ಸಡಿಲವಾಯಿತು. ಊಟದ ಹೊತ್ತಿಗೆ ಹೊಳೆಯಾಚೆಯವರೆಲ್ಲ ಔಟಾಗಿದ್ದರು. ಅವರು ಗಳಿಸಿದ್ದ ರನ್ ಮಾತ್ರ ಹೆಚ್ಚಾಗಿಯೇ ಇತ್ತು. ಒಳ್ಳೆಯ ದಿನಗಳಲ್ಲಿ ಕಮ್ಮಾರ ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ.

ಮಧ್ಯಾಹ್ನ ನಾಯಕ ಎಣಿಸದೆ ಇದ್ದದ್ದು ನಡೆಯಿತು. ಆ ವರ್ಷವಿಡೀ ಅವನ ಬ್ಯಾಟುಗಾರರು ಬೇಗ ಔಟಾದರೆ ಚಿಂತೆ ಮಾಡುತ್ತಿರಲಿಲ್ಲ. ಮರದ ನೆರಳಿನಲ್ಲಿ ಕೂತು, ಉಳಿದದ್ದನ್ನು ಕಮ್ಮಾರ ನೋಡಿಕೊಳ್ಳುತ್ತಾನೆ ಎಂದು ನಗುತ್ತಿದ್ದರು. ಆ ದಿನ ನೆರಳಿನಲ್ಲಿ ಯಾರೂ ನಗಲಿಲ್ಲ. ಕ್ರೀಸಿಗೆ ಹೋದವನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಬಿಸಿಲಿನಲ್ಲಿ ಒಂದೊಂದು ರನ್ನಿಗೂ ಓಡಿದರು. ಎಂದೂ ಹತ್ತು ರನ್ ದಾಟದವನು ಮೂವತ್ತು ಹೊಡೆದ. ಸೂರ್ಯ ಮರಗಳ ಹಿಂದೆ ಇಳಿಯುವಾಗ, ಇನ್ನೆರಡು ವಿಕೆಟ್ ಉಳಿದಿರುವಂತೆ ಪಂದ್ಯ ಇವರದಾಯಿತು.

ಜನ ಮೈದಾನಕ್ಕೆ ನುಗ್ಗಿ ಕುಂಬಾರನನ್ನು ಎತ್ತಿಕೊಂಡರು. ನಾಯಕ ಕಮ್ಮಾರನನ್ನು ಹುಡುಕಿದ. ಅವನು ತನ್ನ ಹೆಂಡತಿಯ ಪಕ್ಕದಲ್ಲಿ ನಿಂತು ಎಡಗೈಯಲ್ಲಿ ನೀರು ಕುಡಿಯುತ್ತಿದ್ದ. ನಾಯಕ ಹೋಗಿ ಎದುರು ನಿಂತ. ಕಮ್ಮಾರ ನೀರಿನ ಚೊಂಬನ್ನು ನಾಯಕನ ಕೈಗೆ ಕೊಟ್ಟ.

ಆ ತೋಳು ಸರಿಹೋಗಲು ಮಳೆಗಾಲವೆಲ್ಲ ಬೇಕಾಯಿತು. ಸಮ್ಮಟಿಗೆ ಮೊದಲು ಅವನ ಕೈಗೆ ಮರಳಿತು, ಚೆಂಡು ಆಮೇಲೆ. ಮುಂದಿನ ದೀಪಾವಳಿಗೆ ಕಮ್ಮಾರ ಮತ್ತೆ ಎಸೆದ, ಆದರೆ ಅರ್ಧ ದಿನ ಮಾತ್ರ. ಉಳಿದರ್ಧಕ್ಕೆ ಕೈ ಚಾಚುವವರು ಆಗ ನಾಲ್ವರಿದ್ದರು. ತಂಡ ಕೆಲವು ಪಂದ್ಯ ಗೆದ್ದಿತು, ಕೆಲವು ಸೋತಿತು. ನಾಯಕನಿಗೆ ಸೋತ ದಿನವೂ ಊಟ ಸೇರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನ ಮುಖ ಬಹಳ ದಿನಗಳ ಮೇಲೆ ತಿಳಿಯಾಗಿತ್ತು. ಅವನು ಕೈಮುಗಿದು, "ತಿಳಿಯಿತು, ಬುದ್ಧೀ. ನಾಳೆಯೇ ಹೊಸ ಮೇಷ್ಟ್ರುಗಳಿಗೆ ತರಗತಿ ಒಪ್ಪಿಸುತ್ತೇನೆ. ಪರ್ವತಯ್ಯನವರನ್ನು ಕರೆಯುವುದಿಲ್ಲ," ಎಂದ.

"ಒಳ್ಳೆಯದು. ಅವರು ಜ್ವರ ಬಂದು ಮಲಗಿದ ಮೇಲೆ ಒಮ್ಮೆಯಾದರೂ ಹೋಗಿ ನೋಡಿ ಬಂದೆಯಾ?" ಎಂದರು ಗುರುಗಳು.

ಗುರುಸಿದ್ಧನ ಮುಗಿದ ಕೈ ಹಾಗೆಯೇ ಉಳಿಯಿತು.