ಅತ್ತೆಸೆರಗಿನ ಗುಡ್ಡ

ಬೆಟ್ಟದೂರಿನ ಮೂಡಣಕ್ಕೆ, ಮರಗಳು ಮುಗಿದು ಬರೀ ಹುಲ್ಲು ಉಳಿಯುವ ಎತ್ತರದಲ್ಲಿ ಒಂದು ಗುಡ್ಡವಿದೆ. ಅದರ ಇಳಿಜಾರಿನ ತುಂಬ ಗಾಳಿಗೆ ಸೊಟ್ಟಗಾದ, ದಪ್ಪ ಎಲೆಯ ಪೊದೆಗಳು. ಮಾಗಿ ಕಳೆಯುತ್ತಲೇ ಅವು ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುತ್ತವೆ. ಊರವರು ಅದಕ್ಕೆ ಬೆಟ್ಟದ ಹೂವೆಂದಷ್ಟೇ ಹೆಸರಿಟ್ಟು ಕೈತೊಳೆದುಕೊಂಡಿದ್ದಾರೆ. ಗುಡ್ಡಕ್ಕೆ ಮಾತ್ರ ಅತ್ತೆಸೆರಗು ಎಂಬ ಚೆಂದದ ಹೆಸರಿದೆ.

ಹಿಂದೆ ಈ ಊರಿನಲ್ಲಿ ಒಂದು ಕಟ್ಟಳೆಯಿತ್ತು ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆ, ಗುಡ್ಡ ಹೂ ಬಿಟ್ಟದ್ದು ಊರಿಗೆ ಕಾಣುವ ತನಕ ತವರಿಗೆ ಹೋಗುವಂತಿರಲಿಲ್ಲ. ಆ ಹೂವೇ ಬೆಟ್ಟದ ದೇವರ ಅಪ್ಪಣೆ. ಒಂದು ವರ್ಷ ಇಬ್ಬನಿ ಹೆಪ್ಪುಗಟ್ಟಿ ಮೊಗ್ಗೆಲ್ಲ ಕರಿಕಾಗಿ ಉದುರಿತು. ಅದೇ ವರ್ಷ ಕೇತಮ್ಮನ ಮನೆಗೆ ಬಯಲಿನಿಂದ ನಂಜಿ ಎಂಬ ಸೊಸೆ ಬಂದಿದ್ದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಇನ್ನು ಹೆಚ್ಚು ದಿನವಿಲ್ಲ ಎಂದು ಸುದ್ದಿ ಬಂತು. ಕೇತಮ್ಮನ ಬಾಯಿಗೋ ಊರೇ ಹೆದರುತ್ತಿತ್ತು. ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಆಚೆ ಕೇರಿಗೂ ತಿಳಿಯುತ್ತಿತ್ತು. ಆದರೆ ಒಲೆಯ ಮುಂದೆ ನಂಜಿ ಸದ್ದಿಲ್ಲದೆ ಅಳುವುದನ್ನು ಕಂಡು ಕೇತಮ್ಮನ ಕರುಳು ಚುರುಕ್ಕೆಂದಿತು. ತಾನೂ ಅದೇ ಹೂವಿಗೆ ಕಾದು, ಹೆತ್ತವಳ ಮುಖವನ್ನು ಕಡೆಗೂ ಕಾಣದೆ ಉಳಿದವಳು ಆಕೆ.

ಮರುದಿನ ಬೆಳಿಗ್ಗೆ ಮಂಜು ಸರಿಯುವಾಗ ಗುಡ್ಡದ ಮೇಲೆ ಕೆಂಪು ಕಂಡಿತು. “ಹೂ ಬುಟ್ಟದೆ! ಎಲ್ರೂ ನೋಡ್ಬನ್ನಿ!” ಎಂದು ಕೇತಮ್ಮ ಬೀದಿಯಲ್ಲಿ ನಿಂತು ಕೂಗಿದಳು. ಊರ ಯಜಮಾನ ಕುಂಬೇಗೌಡ ನಂಬಲಿಲ್ಲ. ಹತ್ತಿ ನೋಡಿಯೇ ಬರುತ್ತೇನೆಂದು ಕೋಲು ಹಿಡಿದು ಹೊರಟ. ಕೇತಮ್ಮ ದಾರಿಗೆ ಅಡ್ಡ ನಿಂತಳು. ಹಿರಿಯರ ಎದುರು ತಲೆಯ ಮೇಲೆ ಸೆರಗಿಲ್ಲದೆ ಎಂದೂ ಬಾರದವಳು ಅಂದು ಹಳೆಯ ಕಂಬಳಿ ಹೊದ್ದಿದ್ದಳು. ಕಂಬಳಿಯಡಿ ಉಟ್ಟಿದ್ದ ಕೆಂಪು ಸೀರೆಗೆ ಸೆರಗೇ ಇರಲಿಲ್ಲ. ಗೌಡ ಸೀರೆಯನ್ನು ನೋಡಿದ, ಗುಡ್ಡವನ್ನು ನೋಡಿದ.

“ನಿಮ್ ಕಣ್ಗೆ ಕಾಣಕ್ಕಿಲ್ವಾ ಗೌಡ್ರೇ?” ಎಂದಳು. ಆ ಜೋರು ಬಾಯಿ ನಡುಗಿದ್ದನ್ನು ಊರು ಕೇಳಿದ್ದು ಅದೇ ಮೊದಲು.

“ಕಾಣ್ತದೆ ಕನವ್ವ,” ಎಂದ ಗೌಡ, ಕೋಲನ್ನು ಗೋಡೆಗೆ ಒರಗಿಸಿ. “ಈಪಾಟಿ ಹೂವ ನಾ ಕಂಡೇ ಇರ್ನಿಲ್ಲ. ಬಿರ್ರನೆ ಕಳ್ಸು ಮಗೀನ.”

ನಂಜಿ ಓಡಿದಳು. ತಾಯಿ ಅವಳನ್ನು ಗುರುತು ಹಿಡಿದಳು, ಅವಳ ಕೈಯಿಂದಲೇ ಕಡೆಯ ಗುಟುಕು ನೀರು ಕುಡಿದಳು ಎನ್ನುತ್ತಾರೆ.

ಇಂದಿಗೂ ಗುಡ್ಡ ಹತ್ತಿದ ಹೊರಗಿನವರಿಗೆ ಪೊದೆಗಳ ರೆಂಬೆಯಲ್ಲಿ ಕೆಂಪು ಬಟ್ಟೆಯ ಚೂರುಗಳು ಕಾಣುತ್ತವೆ. ಮನೆಗೆ ಸೊಸೆ ಬಂದ ವರ್ಷ ಅತ್ತೆಯಾದವಳು, ಗಿಡ ಹೂ ಬಿಟ್ಟಿರಲಿ ಬಿಡದಿರಲಿ, ತನ್ನ ಸೆರಗಿನದೊಂದು ಚೂರನ್ನು ಅಲ್ಲಿ ಕಟ್ಟಿ ಬರುತ್ತಾಳೆ. ಕೆಳಗೆ ನಿಂತು ನೋಡಿದರೆ ಯಾವುದು ಹೂ, ಯಾವುದು ಬಟ್ಟೆ ಎಂದು ತಿಳಿಯುವುದಿಲ್ಲ. ಹತ್ತಿರ ಹೋಗಿ ನೋಡುವ ಪದ್ಧತಿ ಈ ಊರಿನವರಲ್ಲಿ ಇಲ್ಲ.